ಜುಲೈದಾಗ ಯಾರೂ ಸತ್ತಿಲ್ರಿ

ಬೆಳಗಾವಿಯ ಹಿಂದವಾಡಿಯಲ್ಲಿ ಜಿನಪಾಲ ಚೌಗುಲೆಯವರ ಕಂಪೌಂಡಿನ ಹೊರಗೆ ಒಂದು ತಗಡಿನ ಕಪಾಟು ನಿಂತಿದೆ. ಕೊರೊನಾ ಕಾಲದಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಂಡಾಗ ಬೆಂಗಳೂರಿನ ಒಂದು ದೊಡ್ಡ ಸಂಸ್ಥೆಯವರು ಅದನ್ನು ತಂದು ನಿಲ್ಲಿಸಿದರು. 'ಇದ್ದವರು ಇಡಿರಿ, ಇಲ್ಲದವರು ಒಯ್ಯಿರಿ' ಎಂದು ಹಳದಿ ಬಣ್ಣದಲ್ಲಿ ಬರೆಸಿ, ಫೋಟೋ ಹೊಡೆಸಿಕೊಂಡು ಹೋದರು. ಆಗ ಇಡುವವರ ಸಾಲು ಒಯ್ಯುವವರ ಸಾಲಿಗಿಂತ ಉದ್ದವಿತ್ತು. ಸಾವು ಬಾಗಿಲಿಗೆ ಬಂದಾಗ ಮನುಷ್ಯನ ಕೈ ತಾನಾಗಿ ಅಕ್ಕಿಯ ಡಬ್ಬಿಯ ಕಡೆ ಹೋಗುತ್ತದೆ. ಸಾವು ಬಾಜು ಓಣಿಗೆ ಹೋಯಿತೆಂದರೆ ಅದೇ ಕೈ ಡಬ್ಬಿಯ ಮುಚ್ಚಳ ಬಿಗಿಯುತ್ತದೆ. ಹೀಗಾಗಿ ಕೊರೊನಾ ಹೋಯಿತು, ಇಡುವವರು ಹೋದರು, ಒಯ್ಯುವವರು ಮಾತ್ರ ಉಳಿದರು. ಹಸಿವಿಗೆ ಯಾರೂ ಲಸಿಕೆ ಕಂಡುಹಿಡಿದಿರಲಿಲ್ಲ.

ಒಯ್ಯುವವರ ಪೈಕಿ ದಿನಾಲೂ ಮೊದಲು ಬರುವವಳು ಮಾಯವ್ವ. ಖಾನಾಪುರದ ಹತ್ತಿರದ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದು ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಮರಳು ಬಳಿಯುವ ಕೆಲಸ. ಆ ಮರಳು ಅವಳ ಬೆರಳಿನ ಗೆರೆಗಳನ್ನೆಲ್ಲ ತಿಂದುಹಾಕಿತ್ತು. ರೇಶನ್ ಅಂಗಡಿಯ ಮಷೀನು ಹೆಬ್ಬೆಟ್ಟು ಕೇಳಿತು. ಹೆಬ್ಬೆಟ್ಟಿನಲ್ಲಿ ಏನೂ ಇಲ್ಲದ್ದನ್ನು ನೋಡಿ, ಇಂಥ ಹೆಂಗಸೇ ಇಲ್ಲ ಎಂದು ತೀರ್ಮಾನಿಸಿತು. ಇಲ್ಲದ ಹೆಂಗಸಿಗೆ ಅಕ್ಕಿ ಕೊಡಲು ಸರಕಾರಕ್ಕೇನು ಹುಚ್ಚೇ? ಕಾರ್ಡು ಬಂದ್ ಆಯಿತು. ಅಂದಿನಿಂದ ಆ ಇಲ್ಲದ ಹೆಂಗಸು ತನ್ನ ಇಬ್ಬರು ಮೊಮ್ಮಕ್ಕಳ ಸಲುವಾಗಿ ಈ ಕಪಾಟಿನ ಮುಂದೆ ಬಂದು ನಿಲ್ಲುತ್ತಿದ್ದಳು.

"ಏನ ಸಾವ್ಕಾರ್ರ, ಇವತ್ತೂ ಕಪಾಟಿನ್ಯಾಗ ಬರೇ ಗಾಳೀನ ಐತಿ? ಹೆಂಗಸರಿಗೆ ಬಸ್ ಫ್ರೀ ಅಂತ ಗಾಳಿ ತಿನ್ನಾಕ ಇಷ್ಟ ದೂರ ಬರಬೇಕೇನು? ಗಾಳಿ ನಮ್ಮೂರಾಗ ಇದಕಿಂತ ಚಲೋ ಸಿಗತೈತಿ."

"ನಾಳೆ ಬಾ ಮಾಯವ್ವ," ಎನ್ನುತ್ತಿದ್ದರು ಜಿನಪಾಲರು. "ನಾಳೆ ಮೂಲಿಮನಿ ಮಾಸ್ತರರ ಪುಣ್ಯತಿಥಿ ಐತಿ. ತುಂಬತೈತಿ."

ಜಿನಪಾಲರು ಉದ್ಯಮಬಾಗದ ಕಾರ್ಖಾನೆಯೊಂದರಲ್ಲಿ ಜೀವಮಾನವಿಡೀ ಸ್ಟೋರ್ ಕೀಪರ್ ಆಗಿದ್ದು ನಿವೃತ್ತರಾದವರು. ಮಾಲು ಖಾಲಿಯಾಗುವ ಮೊದಲೇ ಆರ್ಡರು ಹಾಕಬೇಕು ಎನ್ನುವುದು ಅವರ ಬದುಕಿನ ಏಕೈಕ ಸಿದ್ಧಾಂತ. ಕೆಟ್ಟ ಚಟವೂ ಒಂದೇ. ಯಾವ ಸಭೆಯಲ್ಲಿ ಕೂತರೂ ಕೇಳುವವರ ಪ್ರಶ್ನೆ ಮುಗಿಯುವ ಮೊದಲು ಉತ್ತರ ಕೊಟ್ಟುಬಿಡುತ್ತಿದ್ದರು. ಉತ್ತರ ಸರಿಯೋ ತಪ್ಪೋ ಎನ್ನುವುದು ಅವರಿಗೆ ಪ್ರಶ್ನೆ ಪೂರ್ತಿಯಾದ ಮೇಲೆ ಗೊತ್ತಾಗುತ್ತಿತ್ತು.

ಏಪ್ರಿಲ್ ತಿಂಗಳಲ್ಲಿ ಸಂಸ್ಥೆಯ ಕಡೆಯಿಂದ ಸೃಷ್ಟಿ ಎಂಬ ಅಧಿಕಾರಿಣಿ ಬಂದರು. ಜಿನಪಾಲರ ಪಡಸಾಲೆಯಲ್ಲೇ ಸಭೆ. ಪಕ್ಕದ ಮನೆಯ ಶಶಿಧರ, ಬಟ್ಟೆ ವ್ಯಾಪಾರಿ, ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು ಬಂದು ನಡುವೆ ಕೂತ. ಅವನು ಕಪಾಟು ಸಮಿತಿಯ ಅಧ್ಯಕ್ಷ. ಸಮಿತಿಯಲ್ಲಿ ಇದ್ದವರು ಇಬ್ಬರೇ ಆದ್ದರಿಂದ ಜಿನಪಾಲರು ಉಳಿದೆಲ್ಲವೂ ಆಗಿದ್ದರು.

"ನೋಡಿ ಸರ್, ತುರ್ತು ಆಹಾರ ಜಾಲಗಳಿಗೆ ಇವತ್ತಿನ ಮುಖ್ಯ ಸವಾಲು ಅಂದ್ರೆ ದೀರ್ಘಕಾಲದ ಸುಸ್ಥಿರತೆ," ಎಂದರು ಸೃಷ್ಟಿ. "ಶುರು ಮಾಡೋದು ಸುಲಭ, ನಡೆಸೋದು ಕಷ್ಟ. ಮುಂದಿನ ಹತ್ತು ವರ್ಷಕ್ಕೆ ನಿಮ್ಮದೇನಾದರೂ ಯೋಜನೆ..."

"ನೂರ ವರ್ಷದ್ದು ತಯಾರೈತ್ರಿ," ಎಂದರು ಜಿನಪಾಲರು.

ಚಹಾ ತರುತ್ತಿದ್ದ ಹೆಂಡತಿ ಮಾಲಾ ಬಾಗಿಲಲ್ಲೇ ನಿಂತಳು.

"ನೂರು ವರ್ಷ?" ಎಂದರು ಸೃಷ್ಟಿ.

"ದಿನಕ್ಕೊಬ್ಬ ದಾನಿ ಬುಕ್ ಆಗ್ಯಾರ್ರಿ. ವರ್ಷಪೂರ್ತಿ. ಒಂದ ದಿನಾನೂ ಖಾಲಿ ಇಲ್ಲ."

ಶಶಿಧರ ಜಿನಪಾಲರ ಕಡೆ ನೋಡಿದ. ನಂತರ, ಅಧ್ಯಕ್ಷನಾಗಿ ತನಗೆ ಇದು ಗೊತ್ತಿರಲೇಬೇಕು ಎಂದು ನೆನಪಾಗಿ, ಗಂಭೀರವಾಗಿ ತಲೆಯಾಡಿಸಿದ.

"ಅದ್ಭುತ!" ಸೃಷ್ಟಿ ಬರೆದುಕೊಂಡರು. "ಜುಲೈ ಕೊನೆಗೆ ನಾನೇ ಬಂದು ನೋಡ್ತೀನಿ. ಒಂದು ದಿನ ಖಾಲಿ ಇದ್ದರೂ ಕಪಾಟು ವಾಪಸ್ ಒಯ್ಯಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ. ಸುಸ್ಥಿರವಲ್ಲದ ಕಡೆ ಕಪಾಟು ಇಡೋದು ನಮ್ಮ ನೀತಿಗೆ ವಿರುದ್ಧ."

ಅಂದರೆ, ಅನ್ನ ಖಾಲಿಯಾದ ಕಡೆಯಿಂದ ಕಪಾಟನ್ನು ಎತ್ತಿಕೊಂಡು ಹೋಗಿ, ತುಂಬಿ ತುಳುಕುವ ಕಡೆ ಇಡುವುದು. ಇದನ್ನು ಕಲಿಸಲು ಈಗ ದೊಡ್ಡ ಊರುಗಳಲ್ಲಿ ಕಾಲೇಜುಗಳೇ ಇವೆ.

ಅಧಿಕಾರಿಣಿಯ ಕಾರು ತಿರುವು ದಾಟಿದ ಮೇಲೆ ಮಾಲಾ ಕೇಳಿದಳು: "ಏನ್ರೀ, ದಿನಕ್ಕೊಬ್ಬ ದಾನಿ ಅಂದ್ರಲ್ಲ, ಯಾರ್ರೀ ಅವರು?"

"ಸಿಗತಾರ."

"ಎಲ್ಲೆ?"

ಜಿನಪಾಲರು ವಿಚಾರಕ್ಕೆ ಬಿದ್ದರು. ಹುಟ್ಟುಹಬ್ಬದವರು ಮೊದಲು ಅಕ್ಕಿ ಬೇಳೆ ತರುತ್ತಿದ್ದರು. ಈಗ ಕೇಕು ಕೊಯ್ದು ಒಬ್ಬರ ಮುಖಕ್ಕೊಬ್ಬರು ಬಳಿದುಕೊಂಡು ಸುಮ್ಮನಾಗುತ್ತಾರೆ. ಮದುವೆಯವರ ಊಟವೆಲ್ಲ ಮಂಗಲ ಕಾರ್ಯಾಲಯದವರ ಗುತ್ತಿಗೆ, ಇತ್ತ ಒಂದು ಕಾಳೂ ಬರುವುದಿಲ್ಲ. ದೇಣಿಗೆ ಪೆಟ್ಟಿಗೆಯಲ್ಲಿ ಹರಿದ ನೋಟು ಮಾತ್ರ ಬೀಳುತ್ತದೆ. ಒಳಗೆ ಮಂಚದ ಮೇಲೆ ಜಪಸರ ಹಿಡಿದು ಕೂತಿದ್ದ ಅವರ ತಾಯಿ ಶಾಂತಮ್ಮ ಆಗ ಒಂದು ಮಾತು ಹೇಳಿದಳು.

"ನಿಮ್ಮಪ್ಪನ್ನ ನೋಡ ಜಿನಪಾ. ಜೀವಂತ ಇದ್ದಾಗ ಒಬ್ಬಗೂ ಒಂದ ಮುಟಗಿ ಕಾಳ ಕೊಟ್ಟಾಂವಲ್ಲ. ಸತ್ತ ಮ್ಯಾಲೆ ಒಂದ ವರ್ಷಾನೂ ತಪ್ಪಿಸಿಲ್ಲ."

ಜಿನಪಾಲರಿಗೆ ಬೆಳಕಾಯಿತು. ಹಿಂದವಾಡಿಯ ಜೈನರಿರಲಿ, ಲಿಂಗಾಯತರಿರಲಿ, ಹಿರಿಯರು ಹೋದ ದಿನ ನಾಲ್ಕು ಮಂದಿಗೆ ಊಟಕ್ಕೆ ಕೊಡದೆ ಯಾರೂ ಬಾಯಿಗೆ ತುತ್ತಿಡುವುದಿಲ್ಲ. ಸ್ಟೋರ್ ಕೀಪರನ ದೃಷ್ಟಿಯಿಂದ ನೋಡಿದರೆ ಸತ್ತವರಷ್ಟು ಭರವಸೆಯ ಸಪ್ಲಾಯರುಗಳು ಇನ್ನಿಲ್ಲ. ಸತ್ತವರು ಊರು ಬಿಡುವುದಿಲ್ಲ, ಮನಸ್ಸು ಬದಲಿಸುವುದಿಲ್ಲ, ತಾರೀಖು ಮುಂದೂಡುವುದಿಲ್ಲ. ತಿಥಿ ಬೇಡ, ಇಂಗ್ಲಿಷ್ ತಾರೀಖೇ ಇರಲಿ ಎಂದು ಪಕ್ಕಾ ಮಾಡಿಕೊಂಡು, ಜಿನಪಾಲರು ಗೋಡೆಯ ಮೇಲಿನ ಕ್ಯಾಲೆಂಡರನ್ನು ಮೊಳೆಯಿಂದ ಕಿತ್ತು ಸುರುಳಿ ಸುತ್ತಿ ಬಗಲಲ್ಲಿ ಇಟ್ಟುಕೊಂಡರು. ಕಿವಿಗೆ ಒಂದು ಕೆಂಪು ಪೆನ್ಸಿಲು ಸಿಕ್ಕಿಸಿಕೊಂಡು ಓಣಿಗೆ ಇಳಿದರು.

ಮೊದಮೊದಲು ಕೆಲಸ ಸರಾಗವಾಗಿ ಸಾಗಿತು. ಮನೆಗಳವರು ಗೋಡೆಯ ಮೇಲಿನ ಫೋಟೋಗಳನ್ನು ನೋಡಿ ನೋಡಿ ತಾರೀಖು ಹೇಳಿದರು. ಶಶಿಧರನ ಮನೆಗೆ ಬರುವಷ್ಟರಲ್ಲಿ ತೊಡಕು ಶುರುವಾಗಿತ್ತು.

"ನಿಮ್ಮ ಅಪ್ಪಾರು ಯಾವಾಗ ಶಶಿಧರ?"

"ಮೇ ಎಂಟು, ಜಿನಪಾಲಣ್ಣ."

"ಮೇ ಭರ್ತಿ ಆಗೇತಿ. ಬಿಸಲಿಗೆ ಮಂದಿ ಭಾಳ ಹೋಗ್ಯಾರ. ಅವ್ವಾರು?"

"ಅವ್ವ ಜನವರಿದಾಗ."

"ಜನವರೀನೂ ತುಂಬೇತಿ. ಥಂಡಿ. ಜುಲೈದಾಗ ನಿಮ್ಮ ಮನ್ಯಾಗ ಯಾರೂ ಇಲ್ಲೇನು?"

"ಜುಲೈದಾಗ ಯಾರೂ ಸತ್ತಿಲ್ರಿ," ಎಂದ ಶಶಿಧರ, ತಪ್ಪು ಮಾಡಿದವನಂತೆ.

"ವಿಚಾರ ಮಾಡ್ರಿ. ಅವಸರ ಇಲ್ಲ. ಇನ್ನೂ ಟೈಮ್ ಐತಿ."

ಶಶಿಧರನ ಹೆಂಡತಿ ಒಳಗಿನಿಂದ ಇಣುಕಿ ನೋಡಿ, ಗಂಡನ ತೋಳು ಹಿಡಿದು ಹಿಂದಕ್ಕೆ ಎಳೆದುಕೊಂಡಳು. ಆದರೆ ಮೂಲೆಯ ಮಂಚದಿಂದ ಒಂದು ಧ್ವನಿ ಬಂತು. ಶಶಿಧರನ ಸೋದರತ್ತೆ. ತೊಂಬತ್ತು ದಾಟಿದ ಮುದುಕಿ, ಬಾಯಿ ಮಾತ್ರ ಇಪ್ಪತ್ತರದ್ದು.

"ಯಾರದು, ಜಿನಪಾಲನೇನು? ನಂದೂ ಒಂದ ಬರಕೋ ಮಾರಾಯಾ. ಜೂನದಾಗ ಯಾವದ ಖಾಲಿ ಐತಿ?"

"ಕೊನೀ ಸೋಮವಾರ ಒಂದ ಖಾಲಿ ಐತ್ರಿ ಅತ್ತೆವ್ವ."

"ಸೋಮವಾರ ಚಲೋ. ಶಿವನ ವಾರ. ಹಾಕ ಅದಕ್ಕ."

ಹಿರಿಯರ ಮಾತು ಮೀರಬಾರದೆಂದು ಜಿನಪಾಲರು ಸಣ್ಣದಾಗಿ ಗುರುತು ಹಾಕಿದರು. "ಅವಸರ ಮಾಡಬ್ಯಾಡ್ರಿ ಅತ್ತೆವ್ವ. ಆಗಲಿಲ್ಲಂದ್ರ ಅಳಸತೀನಿ," ಎಂದು ಸಮಾಧಾನವನ್ನೂ ಹೇಳಿದರು.

ಜೂನ್ ಕೊನೆಯ ಸೋಮವಾರ ಬೆಳಿಗ್ಗೆ ಅತ್ತೆವ್ವ ಚಹಾ ಕುಡಿದು, ಸಕ್ಕರೆ ಕಮ್ಮಿಯಾಗಿದೆ ಎಂದು ಬೈದು, ಗೋಡೆಗೆ ಒರಗಿ, ಹೋಗಿಬಿಟ್ಟಳು.

ಡಾಕ್ಟರು ವಯಸ್ಸು ಎಂದರು. ಹಿಂದವಾಡಿಯವರು ಜಿನಪಾಲ ಎಂದರು.

ಅಂದಿನಿಂದ ಅವರು ಒಂದು ಬದಿಯಿಂದ ಬಂದರೆ ಜನ ಇನ್ನೊಂದು ಬದಿಗೆ ದಾಟತೊಡಗಿದರು. ಹಾಲಿನವನು ಪಾಕೀಟುಗಳನ್ನು ಗೇಟಿನ ಹೊರಗಿನಿಂದಲೇ ಎಸೆದು ಸೈಕಲ್ಲು ಏರಿದನು. ವಿಮಾ ಏಜೆಂಟನೊಬ್ಬ ಕತ್ತಲಾದ ಮೇಲೆ ಹಿತ್ತಲ ಬಾಗಿಲಿಗೆ ಬಂದು, ಮುಂದಿನ ತಿಂಗಳ ಹೆಸರುಗಳನ್ನು ಮೊದಲೇ ತಿಳಿಸಿದರೆ ಇಬ್ಬರಿಗೂ ಒಳ್ಳೆಯದಾಗುತ್ತದೆ ಎಂದು ಪಿಸುಗುಟ್ಟಿದನು. ಓಣಿಯ ಹಿರಿಯರು ಎದುರು ಸಿಕ್ಕಾಗ ಮುಖ ತಗ್ಗಿಸಿ ಕೈಮುಗಿಯತೊಡಗಿದರು.

"ಜನಕ್ಕ ನನ್ನ ಮ್ಯಾಲೆ ಗೌರವ ಹೆಚ್ಚಾಗೇತಿ," ಎಂದರು ಜಿನಪಾಲರು ಮಾಲಾಳಿಗೆ.

"ಹೌದ್ರಿ, ಕಾಣತೈತಿ," ಎಂದಳು ಮಾಲಾ. ನಿನ್ನೆ ತಾನೇ ತರಕಾರಿಯವಳು ಅವಳಿಂದ ದುಡ್ಡು ಮುಟ್ಟಿಸಿಕೊಳ್ಳಲು ಹೆದರಿ ಬದನೆಕಾಯಿಯನ್ನು ಪುಕ್ಕಟೆ ಕೊಟ್ಟು ಓಡಿಹೋಗಿದ್ದಳು.

ಜಿನಪಾಲರ ಚಿಂತೆ ಬೇರೆಯಿತ್ತು. ಕ್ಯಾಲೆಂಡರು ತುಂಬಿತ್ತು, ಆದರೆ ಜುಲೈ ಹದಿನಾಲ್ಕರಿಂದ ಇಪ್ಪತ್ತರವರೆಗೆ ಒಂದು ವಾರ ಬೋಳು ಬಿದ್ದಿತ್ತು. ಹಿಂದವಾಡಿಯ ಇತಿಹಾಸದಲ್ಲಿ ಆ ವಾರ ಒಬ್ಬರೂ ಸತ್ತಿರಲಿಲ್ಲ. ಆಷಾಢದ ಮಳೆ ಹೊಡೆಯುವ ಅದೇ ವಾರ ಖಾನಾಪುರದ ಕಡೆ ನಾಟಿ ಮುಗಿದು ಹೊಲದ ಕೂಲಿ ನಿಲ್ಲುತ್ತದೆ, ಫೌಂಡ್ರಿಯವರು ಪಾಳಿ ಕಡಿಮೆ ಮಾಡುತ್ತಾರೆ, ಕಪಾಟಿನ ಮುಂದಿನ ಸಾಲು ತಿರುವಿನ ತನಕ ಹೋಗುತ್ತದೆ. ಹಸಿದವರು ಹೆಚ್ಚಾಗುವ ವಾರದಲ್ಲೇ ಸತ್ತವರ ಅಭಾವ.

ಹೊಟ್ಟೆಗೆ ಕೊಡುವ ಸುದ್ದಿಯನ್ನು ಹೊಟ್ಟೆಗಿಲ್ಲದವಳೇ ತಂದಳು.

"ಸಾವ್ಕಾರ್ರ, ನಮ್ಮ ಖಾನಾಪುರದಾಗ ಅಕ್ಕಿ ಮಿಲ್ಲಿನ ಉಳವಪ್ಪಾರು ಈಗೋ ಆಗೋ ಅನ್ನಾಕ ಹತ್ಯಾರಂತ," ಎಂದಳು ಮಾಯವ್ವ, ಖಾಲಿ ಚೀಲ ಮಡಚುತ್ತ. "ದವಾಖಾನಿಯವರು ಮನೀಗೆ ಒಯ್ರಿ ಅಂದಾರಂತ."

"ಮಿಲ್ಲು ಅವರದ ಸ್ವಂತದ್ದೇನು?"

"ಸ್ವಂತದ್ದ. ಗೋಡೌನೂ ಐತಿ."

ಜಿನಪಾಲರು ಮರುದಿನವೇ ಬಗಲಲ್ಲಿ ಕ್ಯಾಲೆಂಡರು ಇಟ್ಟುಕೊಂಡು ಖಾನಾಪುರದ ಬಸ್ಸು ಹತ್ತಿದರು.

ಅವರಿಗಿಂತ ಮೊದಲೇ ಅವರ ಕೀರ್ತಿ ಅಲ್ಲಿಗೆ ತಲುಪಿತ್ತು. ಉಳವಪ್ಪನ ಮಗ ರಾಯಪ್ಪನ ಹೆಂಡತಿಯ ತವರುಮನೆ ಹಿಂದವಾಡಿ. ಮಳೆಯಲ್ಲಿ ತೊಯ್ದ ಜಿನಪಾಲರು ಅಂಗಳಕ್ಕೆ ಕಾಲಿಡುತ್ತಲೇ ಅವಳು ಒಳಗೆ ಓಡಿ, "ಅವರ ಬಂದ್ರು, ಕ್ಯಾಲೆಂಡರ್ ಸುದ್ದಾ ತಂದಾರ," ಎಂದು ಹೇಳಿದಳು. ಮನೆಮಂದಿಯೆಲ್ಲ ಎದ್ದು ನಿಂತರು. ಪಡಸಾಲೆಯ ನಡುವೆ ಮಂಚದ ಮೇಲೆ ಉಳವಪ್ಪಜ್ಜ ಕಣ್ಣು ಮುಚ್ಚಿ, ಬಾಯಿ ತೆರೆದು ಮಲಗಿದ್ದ. ಅವನ ಹೆಂಡತಿ ಅಕ್ಕವ್ವ ಕಾಲ ಹತ್ತಿರ ಕೂತು ವಿಭೂತಿ ಹಚ್ಚುತ್ತಿದ್ದಳು.

"ಬರ್ರಿ, ಕುಂದರ್ರಿ," ಎಂದ ರಾಯಪ್ಪ, ಜೀವವನ್ನು ಅಂಗೈಯಲ್ಲಿ ಹಿಡಿದುಕೊಂಡು.

ಜಿನಪಾಲರು ಮಂಚದ ಪಕ್ಕ ಕೂತರು. ಏನೆಂದು ಶುರು ಮಾಡುವುದು ತಿಳಿಯಲಿಲ್ಲ. ಜೊತೆಗೆ ಇನ್ನೊಂದು ಸಂಕಟ. ಅವರು ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವವರಲ್ಲ, ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ, ಮೋಡದಲ್ಲಿ ಹೊತ್ತು ಎಷ್ಟಾಗಿದೆ ಎಂಬುದೂ ಕಾಣುತ್ತಿರಲಿಲ್ಲ. ಅವರು ಕೈಗಡಿಯಾರ ನೋಡಿಕೊಂಡರು.

ಒಬ್ಬ ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು.

ಸ್ವಲ್ಪ ಹೊತ್ತಿನ ಮೇಲೆ ಕಿಟಕಿಯಾಚೆ ಆಕಾಶ ನೋಡಿ ಮತ್ತೊಮ್ಮೆ ಗಡಿಯಾರ ನೋಡಿದರು.

"ಲೋಂಡಾದ ಅಕ್ಕಗ ಫೋನ್ ಹಚ್ರಿ," ಎಂದ ರಾಯಪ್ಪ. "ಸಿಕ್ಕ ರೈಲು ಹಿಡಿದು ಬಾ ಅನ್ರಿ."

ಮೂರನೆಯ ಸಲ ಗಡಿಯಾರ ನೋಡಿದಾಗ ಮನೆಯಲ್ಲಿ ಅಳು ಎದ್ದಿತು. ಅಷ್ಟು ಜನ ಒಟ್ಟಿಗೆ ಅಳುವುದನ್ನು ನೋಡಿ ಜಿನಪಾಲರಿಗೂ ಕಣ್ಣು ತುಂಬಿತು. ಅವರ ಕಣ್ಣು ತುಂಬಿದ್ದನ್ನು ನೋಡಿ ಅಳು ಇನ್ನಷ್ಟು ಜೋರಾಯಿತು.

"ಏನಿದ್ರೂ ಬಾಯಿ ಬಿಟ್ಟ ಹೇಳ್ರೀಪಾ," ಎಂದಳು ಅಕ್ಕವ್ವ.

"ಸಂಕೋಚ ಆಗತೈತ್ರಿ ಅವ್ವಾರ," ಎಂದರು ಜಿನಪಾಲರು. "ಹೊತ್ತ ಮುಳುಗಿದ ಮ್ಯಾಲೆ ನಾವು ಉಣ್ಣೂದಿಲ್ರಿ. ಅರ್ಧಾ ರೊಟ್ಟಿ ಇದ್ರ ಭಾಳ ಉಪಕಾರ ಆಗತಿತ್ತು."

ಅಳು ಅರ್ಧಕ್ಕೆ ನಿಂತಿತು. ಅಕ್ಕವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದಳು. ಮನೆಗೆ ಬಂದವರನ್ನು ಹಸಿವಿನಲ್ಲಿಟ್ಟು ಅತ್ತದ್ದು ಆ ಮನೆತನದಲ್ಲಿ ಇರಲಿಲ್ಲ.

"ಮೊದಲ ಅವರಿಗೆ ಉಣ್ಣಾಕ ಹಾಕ್ರೇ. ಅಳೂದ ಆಮ್ಯಾಲೆ ಅಳೂಣು. ಉಳ್ಳಾಗಡ್ಡಿ ಇಲ್ಲದ್ದ ಪಲ್ಯ ಹಾಕ್ರಿ, ಜೈನರ ಅದಾರ."

ಉಂಡು ಕೈ ತೊಳೆದ ಮೇಲೆ ಜಿನಪಾಲರಿಗೆ ಧೈರ್ಯ ಬಂತು. ಜಾಗ ಬೇರೆ ಇಲ್ಲದ್ದರಿಂದ ಕ್ಯಾಲೆಂಡರನ್ನು ಉಳವಪ್ಪಜ್ಜನ ಹೊಟ್ಟೆಯ ಮೇಲೇ ಬಿಡಿಸಿದರು.

"ಅವ್ವಾರ, ಅಜ್ಜಾರದು ಈ ಹದಿನಾಲ್ಕರಿಂದ ಇಪ್ಪತ್ತರ ಒಳಗ ಆದ್ರ ನಮಗ ಭಾಳ ಅನುಕೂಲ ಆಗತೈತ್ರಿ. ಒತ್ತಾಯ ಏನಿಲ್ಲ."

ರಾಯಪ್ಪ ಕ್ಯಾಲೆಂಡರಿನ ಮೇಲೆ ಬಗ್ಗಿದ. "ಅದರ ಮ್ಯಾಲೆ ಆದ್ರ... ಏನಾಗತೈತ್ರಿ?"

"ಇಪ್ಪತ್ತೊಂದಕ್ಕ ಬ್ಯಾರೇದವ್ರು ಅದಾರ್ರಿ."

ಉಳವಪ್ಪಜ್ಜ ಒಂದು ಕಣ್ಣು ತೆರೆದ.

"ಯಾವನಲೇ ಅಂವಾ?"

ಅರವತ್ತು ವರ್ಷ ತಕ್ಕಡಿಯ ಮುಂದೆ ಜಗಳಾಡಿದ ಧ್ವನಿ ಅದು. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಜಿನಪಾಲರು ಮಾತ್ರ ನಮಸ್ಕಾರ ಮಾಡಿದರು.

"ಸಿಟ್ಟಾಗಬ್ಯಾಡ್ರಿ ಅಜ್ಜಾರ. ಆ ವಾರ ನಮ್ಮ ಕಪಾಟ ಖಾಲಿ ಬೀಳತೈತಿ. ನೀವು ಹೋದ್ರ ನಿಮ್ಮ ಮಂದಿ ವರ್ಷಾ ಆ ದಿನ ವಾರಕ್ಕ ಆಗೂವಷ್ಟ ಅಕ್ಕಿ ಕೊಡತಾರ. ಬಡವರು ಉಣ್ಣತಾರ."

"ನನ್ನ ಅಕ್ಕಿ ಮಂದಿ ಉಣ್ಣಬೇಕಂದ್ರ ನಾ ಸಾಯಬೇಕು?"

"ಪದ್ಧತಿ ಹಂಗ ಐತ್ರಿ."

"ಪದ್ಧತಿಯವ್ವನ! ಜೀವಮಾನದಾಗ ಒಬ್ಬ ವ್ಯಾಪಾರಿಗೂ ಅಂವಾ ಹೇಳಿದ ತಾರೀಖಿಗೆ ಮಾಲು ಕೊಟ್ಟಾಂವಲ್ಲ ನಾ. ಇಂವಾ ಹೇಳಿದ ತಾರೀಖಿಗೆ ಜೀವಾ ಕೊಡತೀನೇನು?" ಮುದುಕ ಮೊಣಕೈ ಊರಿದ. "ರಾಯಪ್ಪಾ, ಎಬ್ಬಿಸಿ ಕುಂದರಿಸು. ಏ ಅಕ್ಕವ್ವಾ, ಗಂಜಿ ತಾ. ಹದಿನಾಲ್ಕರಿಂದ ಇಪ್ಪತ್ತರತನಕ ನಾ ಸಾಯೂದಿಲ್ಲ. ಆಮ್ಯಾಲಿಂದ ಆಮ್ಯಾಲೆ ನೋಡೂಣು."

ಜಿನಪಾಲರು, ಸಪ್ಲಾಯರ್ ಕೈ ಎತ್ತಿದ ಸ್ಟೋರ್ ಕೀಪರನ ಮುಖ ಹೊತ್ತು, ಕೊನೆಯ ಬಸ್ಸಿಗೆ ಬೆಳಗಾವಿಗೆ ಬಂದರು.

ಹದಿನಾಲ್ಕನೆಯ ತಾರೀಖು ಬಂತು. ಕಪಾಟು ಬರಿದು. ಮಳೆಯಲ್ಲಿ ಸಾಲು ತಿರುವಿನ ತನಕ. ಎಲ್ಲರಿಗಿಂತ ಮುಂದೆ ಮಾಯವ್ವ, ತಲೆಯ ಮೇಲೆ ಗೊಬ್ಬರದ ಚೀಲ ಕೊಪ್ಪೆ ಮಾಡಿ ಹಾಕಿಕೊಂಡು. ಜಿನಪಾಲರು ಅವಳ ಮುಖ ನೋಡಲಾರದೆ ಒಳಗೇ ಕೂತಿದ್ದರು. ಅಷ್ಟರಲ್ಲಿ ಒಂದು ಜೀಪು ಬಂದು ನಿಂತಿತು. ಕಂಬಳಿ ಸುತ್ತಿಕೊಂಡ ಉಳವಪ್ಪಜ್ಜ ಮುಂದಿನ ಸೀಟಿನಲ್ಲಿ, ಹಿಂದೆ ಅಕ್ಕಿಯ ಚೀಲಗಳು.

"ಎಲ್ಲಿ ಅದಾನ ಅಂವಾ? ಹೊರಗ ಬಾರಲೇ! ಇವತ್ತ ಎಷ್ಟ ತಾರೀಖು?"

"ಹದಿನಾಲ್ಕ್ರಿ ಅಜ್ಜಾರ."

"ಸತ್ತೀನೇನು?"

"ಇಲ್ರಿ."

"ಬರಕೋ. ಉಳವಪ್ಪ ಸತ್ತಿಲ್ಲ, ಅಕ್ಕಿ ಕೊಟ್ಟಾನ ಅಂತ ಬರಕೋ. ಇಪ್ಪತ್ತರತನಕ ದಿನಾ ಬರತೀನಿ. ದಿನಾ ಬರಕೊಳ್ಳಬೇಕು."

ಜಿನಪಾಲರು ಬರೆದುಕೊಂಡರು. ಇಡೀ ಹಿಂದವಾಡಿ ಕಿಟಕಿಗಳಿಂದ ಇದನ್ನು ನೋಡಿತು. ಸಾಯಬೇಕಾಗಿದ್ದ ಒಬ್ಬ ಮನುಷ್ಯ ಬಂದ, ಅಕ್ಕಿ ಇಳಿಸಿದ, ಕ್ಯಾಲೆಂಡರಿನಲ್ಲಿ ಬರೆಸಿದ, ಬೈದುಕೊಂಡು ಜೀವಂತ ಹೋದ. ತಿಳಿಯಬೇಕಾದವರಿಗೆ ತಿಳಿಯಬೇಕಾದದ್ದು ತಿಳಿಯಿತು.

ಸಂಜೆ ಶಶಿಧರ ತೊಗರಿಬೇಳೆಯ ಚೀಲ ಹೊತ್ತುಕೊಂಡು ಬಂದ. ಅವನ ಕಿವಿಯವರೆಗೆ ಬೆವರು.

"ಜಿನಪಾಲಣ್ಣ, ನಾನೂ ಇವತ್ತ ಸತ್ತಿಲ್ಲ ಅಂತ ಬರಕೋರಿ. ಮನ್ಯಾಕಿದೂ ಬರಕೋರಿ. ಎಣ್ಣಿ ನಾಳೆ ತರತೀನಿ."

ಅವನ ಹಿಂದೆ ಹಾಲಿನವನು, ಅವನ ಹಿಂದೆ ತರಕಾರಿಯವಳು. ವಿಮಾ ಏಜೆಂಟನು ಬೆಲ್ಲದ ಪೆಂಟೆಯೊಂದಿಗೆ ಬಂದು ತನ್ನ ಗಿರಾಕಿಗಳೆಲ್ಲರ ಹೆಸರಿನಲ್ಲೂ ಬರೆಸಿದನು. ಇಪ್ಪತ್ತೊಂದರ ನಂತರವೂ ಸಾಲು ನಿಲ್ಲಲಿಲ್ಲ. ಜಿನಪಾಲರಿಗೆ ಮೊದಲ ಸಲ ತಮ್ಮ ಲೆಕ್ಕದಲ್ಲಿ ತಪ್ಪು ಕಂಡಿತು. ಸತ್ತವರ ದಿನ ವರ್ಷಕ್ಕೊಮ್ಮೆ ಬರುತ್ತದೆ. ಸಾಯದವರ ದಿನ ದಿನಾಲೂ ಬರುತ್ತದೆ. ಇಂಥ ಮಾಲಿನ ಮೂಲವನ್ನು ಬಿಟ್ಟು ತಾವು ಇಷ್ಟು ದಿನ ಗೋಡೆಯ ಮೇಲಿನ ಫೋಟೋಗಳ ಬೆನ್ನು ಹತ್ತಿದ್ದಕ್ಕೆ ಅವರು ನಾಚಿದರು. ಜನ ಯಾಕೆ ಹೀಗೆ ಕೊಡುತ್ತಿದ್ದಾರೆ ಎಂಬುದು ಮಾತ್ರ ಅವರಿಗೆ ಹೊಳೆಯಲಿಲ್ಲ. ಉಳವಪ್ಪಜ್ಜನ ದೊಡ್ಡ ಮನಸ್ಸು ಊರಿಗೆಲ್ಲ ಹತ್ತಿತು ಎಂದುಕೊಂಡರು.

ಜುಲೈ ಕೊನೆಗೆ ಸೃಷ್ಟಿ ಬಂದಾಗ ಕಪಾಟಿನ ಬಾಗಿಲು ಹಾಕಲು ಬರದಷ್ಟು ಸಾಮಾನಿತ್ತು.

"ನಂಬೋಕೇ ಆಗ್ತಿಲ್ಲ! ಇಷ್ಟೊಂದು ಜನ ಸ್ವಂತ ಇಚ್ಛೆಯಿಂದ ಕೊಡ್ತಾರಾ? ಏನು ಪ್ರೇರಣೆ?"

"ಪ್ರೀತಿ ಮೇಡಂ," ಎಂದ ಶಶಿಧರ, ಜಿನಪಾಲರ ಕಿವಿಯ ಮೇಲಿನ ಕೆಂಪು ಪೆನ್ಸಿಲಿನಿಂದ ಕಣ್ಣು ಕೀಳದೆ. "ಬರೇ ಪ್ರೀತಿ."

ಸೃಷ್ಟಿ ಮಾಯವ್ವಳನ್ನು ಕಪಾಟಿನ ಪಕ್ಕಕ್ಕೆ ನಿಲ್ಲಿಸಿ, ಕೈಗೆ ಅಕ್ಕಿ ಚೀಲ ಕೊಟ್ಟು, ಕ್ಯಾಮೆರಾ ಹಿಡಿದರು. "ಅಮ್ಮಾ, ಈ ಕಪಾಟು ಇನ್ನು ನೂರು ವರ್ಷ ಇಲ್ಲೇ ಇರುತ್ತೆ. ನಿಮಗೆ ಹೇಗನ್ನಿಸ್ತಿದೆ?"

"ನೂರ ವರ್ಷ ನಾನೂ ಇಲ್ಲೇ ನಿಂದರಬೇಕೇನ್ರೀ?" ಎಂದಳು ಮಾಯವ್ವ. "ಹಂಗಿದ್ರ ಮ್ಯಾಲೆ ಒಂದ ತಗಡರ ಹಾಕಸ್ರಿ, ಮಳಿ ಬರತೈತಿ."

ಮಾತು ವರದಿಗೆ ಹೊಂದಲಿಲ್ಲ, ಫೋಟೋ ಹೊಂದಿತು. ಅದು ಪೇಪರಿನಲ್ಲಿ ಬಂತು: ನೂರು ವರ್ಷದ ಅನ್ನಭದ್ರತೆ. ಕಪಾಟು ಉಳಿಯಿತು. ಕಥೆ ಇಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಪೇಪರನ್ನು ಕಚೇರಿಯಲ್ಲೂ ಓದುತ್ತಾರೆ. ಅಲ್ಲಿ ಓದಲು ಸಮಯ ಜಾಸ್ತಿ.

ನಾಲ್ಕು ದಿನದ ಮೇಲೆ ಮಾಯವ್ವ ಗೇಟು ದಬ್ಬಿಕೊಂಡು ಬಂದಳು. "ಸಾವ್ಕಾರ್ರ, ನಿಮ್ಮ ಕಪಾಟು ನನ್ನ ಕಾರ್ಡು ನುಂಗಿ ಹಾಕ್ತು! ಬಂದ್ ಆದ ಕಾರ್ಡು ಚಾಲೂ ಮಾಡ್ರಿ ಅಂತ ಅರ್ಜಿ ಹಿಡಕೊಂಡ ಕಾರ್ಡಿನ ಆಫೀಸಿಗೆ ಹೋಗಿದ್ನಿ. ಆ ಗುಮಾಸ್ತ ಪೇಪರ್ ತೋರಿಸಿ, ನಿನಗ ನೂರ ವರ್ಷದ ಬಂದೋಬಸ್ತ ಆಗೇತಲ್ಲ, ಮತ್ತ ಕಾರ್ಡು ಯಾಕ ಅಂದ. ನನ್ನ ಅರ್ಜಿ ತಗದ ಬಾಜೂಕ ಒಗದ. ನಾ ಸಾಯೂತನಕ ನಿಮ್ಮ ಕಂಪೌಂಡಿಗೆ ಆತಕೊಂಡ ನಿಂದರಬೇಕೇನು? ನನ್ನ ಹಿಂದ ನನ್ನ ಮೊಮ್ಮಕ್ಕಳು?"

ಜಿನಪಾಲರಿಗೆ ನಿಜಕ್ಕೂ ಗಾಬರಿಯಾಯಿತು. ತಮ್ಮ ಸ್ಟೋರಿನ ಮಾಲು ತೋರಿಸಿ ಇನ್ನೊಬ್ಬರ ಆರ್ಡರು ರದ್ದು ಮಾಡಿದ್ದು ಅವರ ನೌಕರಿಯಲ್ಲಿ ಆಗಿರಲಿಲ್ಲ. "ಅವರಿಗೆ ತಿಳುವಳಿಕಿ ಕಮ್ಮಿ ಆಗಿರಬೇಕು. ನಡಿ, ನಾ ಬಂದು ತಿಳಿಸಿ ಹೇಳತೀನಿ," ಎಂದು ಕ್ಯಾಲೆಂಡರು ಬಗಲಲ್ಲಿ ಇಟ್ಟುಕೊಂಡರು.

ಅದು ಯಾವ ಕಚೇರಿ ಎಂದು ಹೇಳುವುದು ಬೇಡ. ಎಲ್ಲ ಕಚೇರಿಗಳೂ ಒಂದೇ ತರಹ ಇರುವುದರಿಂದ ಓದುವವರಿಗೆ ನಷ್ಟವಿಲ್ಲ. ಗುಮಾಸ್ತ ತಲೆ ಎತ್ತದೆ ಕೇಳಿದ: "ಯಾರ್ರೀ?"

"ನಾ ಹಿಂದವಾಡಿ ಜಿನಪಾಲ ರೀ."

ಗುಮಾಸ್ತನ ಪೆನ್ನು ನಿಂತಿತು. ಪಕ್ಕದ ಮೇಜಿನಲ್ಲಿ ಒಬ್ಬ ಚಹಾದ ಕಪ್ಪನ್ನು ಬಾಯಿಯ ಹತ್ತಿರ ಹಿಡಿದು ಕುಡಿಯುವುದನ್ನು ಮರೆತ.

"ಸಾಹೇಬ್ರ, ಈ ಕಪಾಟು ಬ್ಯಾರೆ, ಕಾರ್ಡು ಬ್ಯಾರೆ," ಎಂದು ಜಿನಪಾಲರು ಮೇಜಿನ ಮೇಲೆ ಕ್ಯಾಲೆಂಡರು ಹರಡಿ, ಪೆನ್ಸಿಲಿನ ತುದಿಯನ್ನು ನಾಲಿಗೆಗೆ ಮುಟ್ಟಿಸಿಕೊಂಡರು. "ನೀವು ಆಗೂದಿಲ್ಲ ಅಂದ್ರ ನಾ ಮ್ಯಾಲಿನವರ ಕಡೆ ಹೋಗಬೇಕಾಗತೈತಿ. ನಿಮ್ಮ ಪೂರ್ತಿ ಹೆಸರು ಹೇಳ್ರಿ, ಇವತ್ತಿನ ತಾರೀಖಿಗೆ ಬರಕೋತೀನಿ."

"ಹೆಸರ ಯಾಕ್ರೀ?" ಗುಮಾಸ್ತ ಎದ್ದು ನಿಂತಿದ್ದ. "ಮ್ಯಾಲಿನವರ ಕಡೆ ಯಾಕ? ಮಾಯವ್ವಾರ, ನಿಂತೀರಿ ಯಾಕ, ಕುಂದರ್ರಿ! ಏ, ಆ ಕಣ್ಣಿನ ಮಷೀನ್ ತಾರೋ!"

ಬೆರಳು ಬಾರದವರ ಕಣ್ಣು ನೋಡಿ ಗುರುತು ಹಿಡಿಯುವ ಮಷೀನೊಂದು ಕಚೇರಿಗೆ ಬಂದು ಬಹಳ ಕಾಲವಾಗಿತ್ತು. ಕೊಟ್ಟವರು ಸುತ್ತಿದ ಪ್ಲಾಸ್ಟಿಕ್ ಹಾಳೆಯಲ್ಲೇ ಅದು ರ‍್ಯಾಕಿನ ಮೇಲೆ ಕೂತಿತ್ತು. ಧೂಳು ಹೊಡೆದು ಹಚ್ಚಿದರು. ಮಾಯವ್ವ ಅದರೊಳಗೆ ಇಣುಕಿದಳು, ಅದು ಮಾಯವ್ವಳೊಳಗೆ ಇಣುಕಿತು. ಇಂಥ ಹೆಂಗಸು ಇದ್ದಾಳೆ ಎಂದು ಸರಕಾರಕ್ಕೆ ಖಾತ್ರಿಯಾಯಿತು. ಚಹಾ ಆರುವ ಮೊದಲು ಕಾರ್ಡು ಚಾಲೂ ಆಯಿತು.

"ಕಾರ್ಡಿನ ಆಫೀಸಿನವರು ಭಾಳ ಸಜ್ಜನರು," ಎಂದರು ಜಿನಪಾಲರು ಮನೆಗೆ ಬಂದು. "ಹೆಸರ ಕೇಳಿದ ಕೂಡ್ಲೆ ಕೆಲಸಾ ಮಾಡತಾರ."

ಮರುದಿನದಿಂದ ಕಪಾಟಿನ ಸಾಲಿನವರು ಒಬ್ಬೊಬ್ಬರೇ ಬಂದು ಜಿನಪಾಲರನ್ನು ಕರೆದೊಯ್ಯತೊಡಗಿದರು. ಒಬ್ಬನಿಗೆ ಕಾರ್ಡು, ಒಬ್ಬಳಿಗೆ ವಿಧವಾ ಪಿಂಚಣಿ. ಫೌಂಡ್ರಿಯ ಭರಮಪ್ಪನಿಗೆ ಮಾಲಕ ತಡೆಹಿಡಿದಿದ್ದ ಪಗಾರ; ಅದಕ್ಕಂತೂ ಜಿನಪಾಲರು ಬಾಯಿ ತೆರೆಯುವುದೂ ಬೇಕಾಗಲಿಲ್ಲ, ಕ್ಯಾಲೆಂಡರಿನ ಸುರುಳಿ ಬಿಚ್ಚುವಷ್ಟರಲ್ಲಿ ನೋಟು ಮೇಜಿನ ಮೇಲಿತ್ತು. ದೀಪಾವಳಿಯ ಹೊತ್ತಿಗೆ ಕಪಾಟಿನ ಮುಂದಿನ ಫುಟ್‌ಪಾತಿನ ಮೇಲೆ ಹುಲ್ಲು ಚಿಗುರಿತು. ಒಳಗಿನ ಅಕ್ಕಿ ಹಾಗೇ ಇತ್ತು.

ಶಶಿಧರ ದಿಕ್ಕೆಟ್ಟು ಬಂದ. "ಜಿನಪಾಲಣ್ಣ, ಹಿಂಗ ಎಲ್ಲಾರಿಗೂ ಹಕ್ಕಿಂದ ಕೊಡಸಕೋತ ಹೋದ್ರ ನಮ್ಮ ದಾನದ ಗತಿ ಏನು? ಸಮಿತಿ ಮುಚ್ಚಬೇಕಾಗತೈತಿ! ನನ್ನ ಅಧ್ಯಕ್ಷಗಿರಿ..."

ಅಷ್ಟರಲ್ಲಿ ಜಿನಪಾಲರ ಫೋನು ರಿಂಗಾಯಿತು. ಬೆಂಗಳೂರಿನಿಂದ ಸೃಷ್ಟಿ.

"ಸರ್, ಈ ತಿಂಗಳು ನಿಮ್ಮ ಫಲಾನುಭವಿಗಳ ಸಂಖ್ಯೆ ಸೊನ್ನೆ ಅಂತ ತೋರಿಸ್ತಿದೆ. ನಮ್ಮ ಬೋರ್ಡಿಗೆ ಆಘಾತ ಆಗಿದೆ. ಇಷ್ಟು ಸುಸ್ಥಿರವಾದ ಜಾಲ ಹೀಗೆ ಕುಸಿಯೋಕೆ ಕಾರಣ ಏನು? ಜನ ಎಲ್ಲಿ..."

"ಮನ್ಯಾಗ ಉಣ್ಣಾಕ ಹತ್ಯಾರ್ರಿ," ಎಂದರು ಜಿನಪಾಲರು.